ಕ್ಯಾಮೆರಾದ ಎದುರು ಒಬ್ಬರು, ಹಿಂದೆ ಒಬ್ಬರು

ಕಲಾವಿದರು ತಮ್ಮ ಬದುಕು, ಕೆಲಸದ ಬಗ್ಗೆ ಆಡುವ ಮಾತನ್ನು ನಾವು ಹೆಚ್ಚಾಗಿ ಸಂದರ್ಶನಗಳಲ್ಲಿ ಓದುತ್ತೇವೆ. ಬಾಲ್ಯ ಎಲ್ಲಿ ಕಳೆಯಿತು, ಗುರುಗಳು ಯಾರು, ಮೊದಲ ಪ್ರದರ್ಶನ ಯಾವಾಗ, ಈ ಮಾಧ್ಯಮಕ್ಕೆ ಹೇಗೆ ಬಂದಿರಿ ಎಂಬ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಕಲೆಯ ಇತಿಹಾಸ ಓದುವವರಿಗೆ ಇವು ಆಕರಗಳು. ಆದರೆ ಇಬ್ಬರು ಕಲಾವಿದರು ಕೂಡಿ ಒಂದು ಕೃತಿ ಮಾಡಿದಾಗ ಅವರ ನಡುವಿನ ಮಾತು ಸಂದರ್ಶನಕ್ಕಾಗಿ ಕಾಯುವುದಿಲ್ಲ. ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬೀಳಬೇಕು, ಸೆರಗು ಹೇಗೆ ಇಳಿಯಬೇಕು ಎಂಬ ಚರ್ಚೆಯೆಲ್ಲ ಕೃತಿಯೊಳಗೇ ಸೇರಿಕೊಳ್ಳುತ್ತದೆ. ಅದನ್ನು ಅಲ್ಲಿಂದಲೇ ಓದಿ ತೆಗೆಯಬೇಕು.

ಹಾಗೆ ಓದಬಹುದಾದ ಕೃತಿಯೊಂದು ನಮ್ಮ ಬೆಂಗಳೂರಿನಲ್ಲೇ ತಯಾರಾಗಿದೆ. ಕಲಾವಿದೆ ಎನ್. ಪುಷ್ಪಮಾಲಾ ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ರಿಂದ 2004ರವರೆಗೆ ಜೊತೆಯಾಗಿ ಮಾಡಿದ ಛಾಯಾಚಿತ್ರ ಸರಣಿ ಅದು. ಹೆಸರು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. ದಕ್ಷಿಣ ಭಾರತದ ನೇಟಿವ್ ಹೆಂಗಸರು, ಅವರ ರೀತಿನೀತಿ ಆಚಾರಗಳು ಎಂದು ಇದನ್ನು ಕನ್ನಡಿಸಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಇದಕ್ಕೆ ಅನುದಾನ ಕೊಟ್ಟಿತ್ತು. ನೂರೈವತ್ತು ವರ್ಷಗಳ ಫೋಟೋಗ್ರಫಿಯ ಚರಿತ್ರೆಯನ್ನು ಒಳಗಿಟ್ಟುಕೊಂಡಿರುವ ಈ ಸರಣಿಯನ್ನು ಇತಿಹಾಸದ ವಿದ್ಯಾರ್ಥಿಗಳು ನೋಡಬೇಕು ಎಂಬುದು ನನ್ನ ಆಸೆ. ಹಳೆಯ ಫೋಟೋವೊಂದರಲ್ಲಿ ಏನು ಕಾಣುತ್ತಿಲ್ಲ ಎಂದು ಕೇಳುವ ಅಭ್ಯಾಸವನ್ನು ಅದು ನಮಗೆ ಕಲಿಸುತ್ತದೆ.

ಮೊದಲು ಈ ಇಬ್ಬರ ಬಗ್ಗೆ. ಪುಷ್ಪಮಾಲಾ 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಶಿಲ್ಪಕಲೆ. ಮಣ್ಣಿನಲ್ಲಿ ಆಕೃತಿಗಳನ್ನು ಮಾಡಿ ಹೆಸರು ಪಡೆದಿದ್ದ ಅವರು ತೊಂಬತ್ತರ ದಶಕದ ನಡುವೆ ಫೋಟೋಗ್ರಫಿಗೆ ಬಂದರು. ಬಂದದ್ದು ಕ್ಯಾಮೆರಾ ಹಿಡಿಯುವವರಾಗಿ ಅಲ್ಲ, ಅದರ ಎದುರು ನಿಲ್ಲುವವರಾಗಿ. 1996–98ರ 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಸರಣಿಯಲ್ಲಿ ಮುಖವಾಡ ಹಾಕಿದ ಸಾಹಸಿ ಹೆಂಗಸಾಗಿ ಮುಂಬೈ ತುಂಬ ಓಡಾಡಿದರು. ಹಂಟರ್‌ವಾಲಿ ನಾಡಿಯಾಳ ನೆನಪು ತರುವ ಪಾತ್ರ ಅದು. ಮಣ್ಣಿನ ಜಾಗಕ್ಕೆ ತಮ್ಮ ಮೈಯನ್ನೇ ತಂದ ಶಿಲ್ಪಿ ಎಂದು ಅವರನ್ನು ಕರೆದರೆ ತಪ್ಪಾಗಲಾರದು. ತಮ್ಮ ಕೆಲಸಗಳಿಗಾಗಿ ಅವರು ಕಟ್ಟಿಕೊಂಡ ಕಾಲ್ಪನಿಕ ಸಂಸ್ಥೆಯೊಂದಕ್ಕೆ 'ಸೋಂಬೇರಿ ಕಟ್ಟೆ' ಎಂದು ಹೆಸರಿಟ್ಟಿದ್ದಾರೆ. ಊರಿನ ಕಟ್ಟೆ ಪುರಾಣ ಕೇಳಿ ಬೆಳೆದ ಯಾರಿಗಾದರೂ ಆ ಹೆಸರಿನೊಳಗಿನ ತುಂಟತನ ಗೊತ್ತಾಗುತ್ತದೆ.

ಕ್ಲೇರ್ ಆರ್ನಿ ಬ್ರಿಟಿಷ್ ಮೂಲದವರು. ಆದರೆ ಜೀವನದ ಬಹುಪಾಲನ್ನು ಕಳೆದದ್ದು ದಕ್ಷಿಣ ಭಾರತದಲ್ಲೇ. ಕಟ್ಟಡಗಳು, ಪಾರಂಪರಿಕ ತಾಣಗಳು, ನಗರಗಳಿಂದ ಮರೆಯಾಗುತ್ತಿರುವ ಕಸುಬುಗಳು ಇವೆಲ್ಲ ಅವರ ಕ್ಯಾಮೆರಾದ ವಸ್ತು. ಅಂದರೆ ಕಂಡದ್ದನ್ನು ಕಂಡ ಹಾಗೆ ದಾಖಲಿಸುವ ಶಿಸ್ತು ಅವರದು. ವೇಷ ಕಟ್ಟುವ ಶಿಲ್ಪಿ ಮತ್ತು ದಾಖಲೆ ಮಾಡುವ ಛಾಯಾಗ್ರಾಹಕಿ. ಒಬ್ಬರ ಚರ್ಮ ಕಪ್ಪು, ಇನ್ನೊಬ್ಬರದು ಬಿಳಿ. ಈ ವ್ಯತ್ಯಾಸವನ್ನು ಅವರು ಮುಚ್ಚಿಡಲಿಲ್ಲ. ಒಬ್ಬ ಕಪ್ಪು ಹೆಂಗಸು, ಒಬ್ಬ ಬಿಳಿ ಹೆಂಗಸು ಸೇರಿ ಹೆಂಗಸರ ಚಿತ್ರಗಳನ್ನು ಮಾಡುತ್ತಿದ್ದೇವೆ ಎಂಬುದನ್ನೇ ಯೋಜನೆಯ ನಡುವಿಗೆ ತಂದಿಟ್ಟರು.

ಇಲ್ಲಿ 'ನೇಟಿವ್' ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನಲ್ಲಿ ಇಬ್ಬರು ಹೊಸದಾಗಿ ಪರಿಚಯವಾದರೆ ಐದು ನಿಮಿಷದೊಳಗೆ ಬರುವ ಪ್ರಶ್ನೆ "ನಿಮ್ಮ ನೇಟಿವ್ ಯಾವುದು?" ಎಂಬುದು. ನಮ್ಮ ಬಾಯಲ್ಲಿ ಅದು ಹುಟ್ಟೂರು, ಹಬ್ಬಕ್ಕೆ ಬಸ್ಸು ಹತ್ತುವ ಊರು. ಬ್ರಿಟಿಷ್ ಅಧಿಕಾರಿಯ ಕಡತದಲ್ಲಿ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ನೇಟಿವ್ ಎಂದರೆ ಆಳಿಸಿಕೊಳ್ಳುವವನು, ಎಣಿಸಬೇಕಾದವನು, ವಿವರಿಸಬೇಕಾದವನು. ಸರಣಿಯ ಶೀರ್ಷಿಕೆ ಈ ಎರಡು ಅರ್ಥಗಳ ನಡುವೆ ತೂಗಾಡುತ್ತದೆ. ಇಲ್ಲಿಯೇ ಬೆಳೆದ ಬಿಳಿಯ ಹೆಂಗಸು ನೇಟಿವ್ ಹೌದೇ? ಬರೋಡಾದಲ್ಲಿ ಕಲಿತು ಜಗತ್ತಿನ ಗ್ಯಾಲರಿಗಳಲ್ಲಿ ಪ್ರದರ್ಶನ ಮಾಡುವ ಬೆಂಗಳೂರಿನ ಕಲಾವಿದೆ ನೇಟಿವ್ ಹೌದೇ? ಇಬ್ಬರೂ ತಮ್ಮ ತಮ್ಮ ಬದುಕನ್ನು ಮುಂದಿಟ್ಟು ಈ ಪ್ರಶ್ನೆ ಕೇಳಿಕೊಂಡಂತಿದೆ.

ಎರಡನೆಯ ಅರ್ಥ ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋಟೋಗ್ರಫಿ ಪ್ಯಾರಿಸ್ಸಿನಲ್ಲಿ ಸಾರ್ವಜನಿಕವಾಗಿ ಪ್ರಕಟವಾದದ್ದು 1839ರಲ್ಲಿ. ಸ್ವಲ್ಪ ಕಾಲದಲ್ಲೇ ಅದು ಭಾರತಕ್ಕೂ ಬಂತು. 1857ರ ಬಂಡಾಯದ ನಂತರ, ತಾವು ಆಳುತ್ತಿರುವ ಜನ ಯಾರು ಎಂಬುದನ್ನು ತಿಳಿಯುವ ಆತುರ ಸರ್ಕಾರಕ್ಕೆ ಹೆಚ್ಚಾಯಿತು. ಅದರ ಫಲ 'ದಿ ಪೀಪಲ್ ಆಫ್ ಇಂಡಿಯಾ'. ಜೆ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ಈ ಗ್ರಂಥ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ, 460ಕ್ಕೂ ಹೆಚ್ಚು ಛಾಯಾಚಿತ್ರಗಳೊಂದಿಗೆ ಹೊರಬಂತು. ಒಂದೊಂದು ಚಿತ್ರಕ್ಕೂ ಒಂದು ಜಾತಿಯ ಅಥವಾ ಬುಡಕಟ್ಟಿನ ಹೆಸರು, ಕೆಳಗೆ ಅವರ ಸ್ವಭಾವದ ವರ್ಣನೆ. ಇಂಥವರು ನಂಬಿಗಸ್ತರು, ಇಂಥವರು ಮೋಸಗಾರರು ಎಂಬ ಧಾಟಿಯ ತೀರ್ಪುಗಳೂ ಅದರಲ್ಲಿ ಸೇರಿದ್ದವು. ಚಿತ್ರದಲ್ಲಿರುವ ಮನುಷ್ಯನ ಸ್ವಂತ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವನು ಒಂದು ಮಾದರಿ, 'ಟೈಪ್'.

ಹೆಸರು ತೆಗೆದ ಮೇಲೆ ಮೈಯನ್ನು ಅಳೆಯುವ ಕೆಲಸ ಶುರುವಾಯಿತು. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬವರು ಒಂದು ವಿಧಾನ ಪ್ರಕಟಿಸಿದರು. ಮರದ ಚೌಕಟ್ಟಿಗೆ ಎರಡೆರಡು ಇಂಚು ಅಂತರದಲ್ಲಿ ರೇಷ್ಮೆ ದಾರ ಬಿಗಿದು, ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಫೋಟೋ ತೆಗೆಯುವುದು. ಹಿಂದಿನ ಚೌಕಗಳನ್ನು ಎಣಿಸಿದರೆ ಮೈಯ ಅಳತೆ ಸಿಗುತ್ತದೆ. ಮುಂದೆ ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಎಂ.ವಿ. ಪೋರ್ಟ್‌ಮನ್ ಚೌಕುಳಿ ಪರದೆಯ ಮುಂದೆ ಅಲ್ಲಿನ ಜನರನ್ನು ನಿಲ್ಲಿಸಿ ಇಂಥ ಚಿತ್ರಗಳನ್ನು ತೆಗೆದರು. ದಕ್ಷಿಣದಲ್ಲಿ ಈ ಕೆಲಸಕ್ಕೆ ಹೆಸರಾದವರು ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್. ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ಅವರು ಹೊರತಂದ 'ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ' ಗ್ರಂಥದ 7 ಸಂಪುಟಗಳನ್ನು ಇಂದಿಗೂ ನಾವು ಗ್ರಂಥಾಲಯಗಳಲ್ಲಿ ತಿರುವಿ ಹಾಕುತ್ತೇವೆ. ವೈನಾಡಿನ ಪಣಿಯ ಹೆಂಗಸರು ತಮ್ಮನ್ನು ಕಂಡೊಡನೆ ಓಡಿಹೋದ ಸಂಗತಿಯನ್ನು ಥರ್ಸ್ಟನ್ ಅದರ ಪೀಠಿಕೆಯಲ್ಲಿ ಹೇಳುತ್ತಾರೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಹಿಡಿದು, ಒಳಗೆ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆ ಎಂದು ಅವರು ಹೆದರಿದ್ದರಂತೆ. ಥರ್ಸ್ಟನ್‌ಗೆ ಅದು ತಮಾಷೆಯ ಪ್ರಸಂಗ. ಇಂದು ಓದಿದರೆ ಆ ಹೆಂಗಸರು ಮ್ಯೂಸಿಯಂ ಎಂಬುದರ ಸ್ವಭಾವವನ್ನು ಎಷ್ಟು ಸರಿಯಾಗಿ ಊಹಿಸಿದ್ದರು ಅನ್ನಿಸುತ್ತದೆ.

ಇದನ್ನೆಲ್ಲ ಪರದೇಶಿಯರ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲೂ ಜಾತಿ, ಬುಡಕಟ್ಟುಗಳ ಸಮೀಕ್ಷೆ ನಡೆಯಿತು. ಅದನ್ನು ಕೈಗೊಂಡವರು ಎಚ್.ವಿ. ನಂಜುಂಡಯ್ಯನವರು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ಅವರೇ. ಅವರ ನಿಧನದ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಕೆಲಸ ಮುಂದುವರಿಸಿ, 'ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' 4 ಸಂಪುಟಗಳಲ್ಲಿ 1928ರಿಂದ 1935ರ ನಡುವೆ ಪ್ರಕಟವಾಯಿತು. ನಮ್ಮ ನುಡಿಯ ಸಂಸ್ಥೆ ಕಟ್ಟಿದವರೂ ನಮ್ಮ ಜನರನ್ನು ಮಾದರಿಗಳಾಗಿ ವಿಂಗಡಿಸಿದವರೂ ಒಬ್ಬರೇ ಆಗಿದ್ದರು ಎಂಬುದು ನೆನಪಿಡಬೇಕಾದ ಮಾತು.

ಈ ಚರಿತ್ರೆಯನ್ನು ತಲೆಯಲ್ಲಿಟ್ಟುಕೊಂಡು ಪುಷ್ಪಮಾಲಾ ಮತ್ತು ಕ್ಲೇರ್ ಆರ್ನಿ ಅವರ ಸರಣಿಗೆ ಮರಳೋಣ. ಅದರ ಮೊದಲ ಭಾಗ 'ನೇಟಿವ್ ಟೈಪ್ಸ್'. ಒಟ್ಟು ಹತ್ತು ಮಾದರಿಗಳು. ರಾಜಾ ರವಿವರ್ಮ 1889ರಲ್ಲಿ ಬರೆದ ಬೆಳದಿಂಗಳ ಹೆಣ್ಣು ಇದ್ದಾಳೆ. ಕಮಲದ ಮೇಲೆ ನಿಂತ ಲಕ್ಷ್ಮಿ ಇದ್ದಾಳೆ. ವೇಳಾಂಕಣಿಯ ಮೇರಿ ಮಾತೆ, ಬಿಜಾಪುರದ ದಖ್ಖನಿ ಕಿರುಚಿತ್ರದಿಂದ ಎದ್ದು ಬಂದ ಯೋಗಿನಿ, ತಮಿಳು ಸಿನಿಮಾದ ಚಾಟಿ ಹಿಡಿದ ನಾಯಕಿ, ಕನ್ನಡ ಸಿನಿಮಾದ ಒಂದು ಸ್ಟಿಲ್, ಪತ್ರಿಕೆಯಲ್ಲಿ ಬಂದ ಬಂಧಿತ ಹೆಂಗಸರ ಫೋಟೋ, ಚೌಕುಳಿ ಪರದೆಯ ಮುಂದೆ ನಿಂತ ತೋಡ ಹೆಂಗಸು ಇದ್ದಾರೆ. ಈ ಪಾತ್ರಗಳಿಗೆಲ್ಲ ವೇಷ ಹಾಕಿದವರು ಪುಷ್ಪಮಾಲಾ. ಕ್ಯಾಮೆರಾ ಹಿಡಿದವರು ಕ್ಲೇರ್ ಆರ್ನಿ.

ಹತ್ತನ್ನೂ ಒಂದೇ ಗೋಡೆಯ ಮೇಲೆ ನೋಡಿದಾಗ ಆಗುವ ಕಸಿವಿಸಿ ಬೇರೆ. ದೇವರ ಮನೆಯ ಪಟವೂ ಪೊಲೀಸ್ ಠಾಣೆಯ ಫೋಟೋವೂ ಒಂದೇ ಪಟ್ಟಿಯಲ್ಲಿವೆ. ರವಿವರ್ಮನ ಲಕ್ಷ್ಮಿಯನ್ನು ನಾವು ದೇವಿಯೆಂದು ನೋಡುತ್ತೇವೆಯೇ ಹೊರತು ಒಂದು ಮಾದರಿ ಎಂದಲ್ಲ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಆ ರೂಪ ಕ್ಯಾಲೆಂಡರುಗಳಲ್ಲಿ, ಅಂಗಡಿಗಳಲ್ಲಿ, ಮನೆಮನೆಗಳಲ್ಲಿ ನೆಲೆಸಿತು. ಲಕ್ಷ್ಮಿ ಎಂದರೆ ಹೀಗೇ ಇರಬೇಕು, ಇಷ್ಟೇ ಬೆಳ್ಳಗೆ ಇರಬೇಕು ಎಂದು ತೀರ್ಮಾನವೂ ಆಯಿತು. ಅಳತೆಯ ದಾರ ಕಟ್ಟದೆಯೂ ಹೆಣ್ಣಿಗೆ ಒಂದು ಅಳತೆ ನಿಗದಿಯಾಗುವುದು ಹೀಗೆ. ಆ ಲಕ್ಷ್ಮಿಯ ಜಾಗದಲ್ಲಿ ನಮ್ಮ ಬೆಂಗಳೂರಿನ ಕಪ್ಪು ಹೆಂಗಸೊಬ್ಬರು ಅದೇ ಭಂಗಿಯಲ್ಲಿ ನಿಂತಾಗ, ಭಂಗಿಗೂ ಮೈಗೂ ನಡುವೆ ಒಂದು ಬಿರುಕು ಕಾಣುತ್ತದೆ. ಮೊದಲು ನಗು ಬರುತ್ತದೆ. ಆಮೇಲೆ, ನಾನು ಏಕೆ ನಕ್ಕೆ ಎಂಬ ಪ್ರಶ್ನೆ.

ಸರಣಿಯ ಮತ್ತೊಂದು ಭಾಗದಲ್ಲಿ ಇದೇ ವೇಷಗಳು ಮಾನವಶಾಸ್ತ್ರದ ಹಳೆಯ ಆಲ್ಬಮ್ಮುಗಳ ಶೈಲಿಯಲ್ಲಿ, ಕಂದು ಬಣ್ಣದ ಛಾಯೆಯಲ್ಲಿ ಮತ್ತೆ ಬರುತ್ತವೆ. ದೇವಿಯೂ ಸಿನಿಮಾ ನಾಯಕಿಯೂ ಸಮೀಕ್ಷೆಯ ವಸ್ತುಗಳಾಗುತ್ತಾರೆ. ಆದರೆ ನನ್ನ ಮಟ್ಟಿಗೆ ಇಡೀ ಕೃತಿಯ ಬೀಗದ ಕೈ ಇರುವುದು 'ಪ್ರೋಸೆಸ್ ಸೀರೀಸ್' ಎಂಬ ಭಾಗದಲ್ಲಿ. ಸ್ಟುಡಿಯೋದಲ್ಲಿ ಕೆಲಸ ನಡೆಯುತ್ತಿರುವಾಗಿನ ಚಿತ್ರಗಳಿವು. ಇಲ್ಲಿ ಪರದೆಯ ಅಂಚು ಕಾಣುತ್ತದೆ. ಸಿನಿಮಾ ಹೋರ್ಡಿಂಗ್ ಬರೆಯುವ ಕೈಗಳು ಬರೆದ ಆ ಪರದೆ, ಅಂಚಿನಲ್ಲಿ ಬರೀ ಬಟ್ಟೆ. ತಯಾರಿಯ ನಡುವೆ ಪಾತ್ರಧಾರಿ ಇನ್ನೂ ಪಾತ್ರವಾಗಿಲ್ಲ. ಹೊರಜಗತ್ತಿಗೆ ತೋರಿಸಲು ಕಟ್ಟಿದ ಚಿತ್ರದ ಸುತ್ತ ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಗಲಾಟೆ ಇರುತ್ತದೆ ಎಂಬುದೆಲ್ಲ ಬಯಲಾಗುತ್ತದೆ.

ಪರದೆ ಕಂಪನಿ ನಾಟಕ ಕಂಡ ಕನ್ನಡಿಗರಿಗೆ ಹೊಸದೇನೂ ಅಲ್ಲ. ಗುಬ್ಬಿ ಕಂಪನಿಯ ಕಾಲದಿಂದ ಅರಮನೆ, ಕಾಡು, ಬೀದಿ ಎಲ್ಲವೂ ಪರದೆಯ ಮೇಲೇ. ಊರಿನ ಸ್ಟುಡಿಯೋಗಳಲ್ಲಿ ಮದುವೆ ಜೋಡಿ ನಿಂತದ್ದೂ ಬರೆದ ಉದ್ಯಾನದ ಮುಂದೆಯೇ. ನಾಟಕ ನೋಡುವಾಗ ಅದು ಪರದೆ ಎಂದು ನಮಗೆ ಗೊತ್ತಿರುತ್ತದೆ. ಆದರೆ ಲ್ಯಾಂಪ್ರಿಯ ಚೌಕುಳಿ ಪರದೆಯನ್ನು ನೋಡುವಾಗ ಅದೂ ಒಂದು ರಂಗಸಜ್ಜಿಕೆ ಎಂದು ಯಾರಿಗೂ ಹೊಳೆಯಲಿಲ್ಲ. ಅದನ್ನು ವಿಜ್ಞಾನ ಎಂದರು. ಎರಡನ್ನೂ ಒಂದೇ ಸ್ಟುಡಿಯೋದಲ್ಲಿ ಕಟ್ಟಿ ತೋರಿಸುವ ಮೂಲಕ ಈ ಇಬ್ಬರು ಕಲಾವಿದೆಯರು ಹೇಳುವುದು ಇದನ್ನು: ಲಕ್ಷ್ಮಿಯ ಹಿಂದಿನ ಕೊಳ ಎಷ್ಟು ಕಟ್ಟಿದ್ದೋ ತೋಡ ಹೆಂಗಸಿನ ಹಿಂದಿನ ಚೌಕಗಳೂ ಅಷ್ಟೇ ಕಟ್ಟಿದ್ದು.

1860ರ ದಶಕದ ಫೋಟೋಗ್ರಾಫರನ ಕೆಲಸವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಹತ್ತಿರದಲ್ಲೇ ಹಾಕಿದ ಕತ್ತಲೆ ಡೇರೆಯೊಳಗೆ ತೊಳೆಯಬೇಕಿತ್ತು. ಎದುರಿಗಿದ್ದವರು ಹಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಿತ್ತು. ಸಾಮಾನು ಹೊರುವವರು, ನೀರು ತರುವವರು, ದುಭಾಷಿ, ಜನರನ್ನು ಕರೆತರುವ ಗ್ರಾಮಾಧಿಕಾರಿ ಇವರಿಲ್ಲದೆ ಒಂದು ಚಿತ್ರವೂ ಸಾಧ್ಯವಿರಲಿಲ್ಲ. ಅಲ್ಲಿಯೂ ಮಾತುಕತೆ ನಡೆದಿರಲೇಬೇಕು. ಹೀಗೆ ನಿಲ್ಲು, ಅಲ್ಲಾಡಬೇಡ, ಆ ಬಟ್ಟೆ ತೆಗೆ, ಈ ಒಡವೆ ಹಾಕು ಎಂದು ಒಬ್ಬರು ಹೇಳಿರಬೇಕು. ಇನ್ನೊಬ್ಬರು ಏನೋ ಉತ್ತರಿಸಿರಬೇಕು. ಅಚ್ಚಾದ ಪುಟದಲ್ಲಿ ಉಳಿದದ್ದು ಒಂದು ಮೈ, ಒಂದು ಜಾತಿಯ ಹೆಸರು. 'ಪ್ರೋಸೆಸ್ ಸೀರೀಸ್' ನೋಡಿದ ಮೇಲೆ ಆ ಹಳೆಯ ಪುಟಗಳಿಗೆ ಹೋದರೆ, ಚೌಕಟ್ಟಿನ ಆಚೆ ಯಾರಿದ್ದರು ಎಂದು ಕಣ್ಣು ತಾನಾಗಿ ಹುಡುಕತೊಡಗುತ್ತದೆ.

ಇಲ್ಲಿಗೆ ಮುಗಿಸಿದರೆ ಅದು ಬರೀ ಮೆಚ್ಚುಗೆಯಾದೀತು. ಈ ಸರಣಿಯ ಬಗ್ಗೆ ಕೇಳಲೇಬೇಕಾದ ಒಂದು ಕಷ್ಟದ ಪ್ರಶ್ನೆ ಇದೆ. ಲಕ್ಷ್ಮಿಯ ವೇಷ ಹಾಕುವುದು ಒಂದು, ತೋಡ ಹೆಂಗಸಿನ ವೇಷ ಹಾಕುವುದು ಇನ್ನೊಂದು. ರವಿವರ್ಮನ ಲಕ್ಷ್ಮಿಯನ್ನು ಯಾರೂ ಬಲವಂತದಿಂದ ಅಳೆದಿರಲಿಲ್ಲ. ತೋಡ ಹೆಂಗಸು ನೀಲಗಿರಿಯಲ್ಲಿ ಬದುಕಿದ್ದವಳು, ಈಗಲೂ ಅವಳ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಒಮ್ಮೆ ಕ್ಯಾಮೆರಾ ಅವಳ ಹೆಸರು ಕಸಿಯಿತು. ಈಗ ನಗರದ ಕಲಾವಿದೆಯೊಬ್ಬರು ಅವಳ ಜಾಗದಲ್ಲಿ ನಿಂತರೆ ಅವಳ ನಿಲುವೂ ಹೋದಂತಾಗಲಿಲ್ಲವೇ? ಅನುಕರಣೆಯನ್ನು ಟೀಕೆ ಎಂದು ಓದಲು ತರಬೇತಿ ಬೇಕು. ಆ ತರಬೇತಿ ಗ್ಯಾಲರಿಗೆ ಹೋಗುವವರಿಗಿದೆ, ನೀಲಗಿರಿಯ ಮಂದ್‌ನಲ್ಲಿರುವವರಿಗೆ ಆ ಚಿತ್ರ ಹೇಗೆ ಕಂಡೀತು?

ಈ ಪ್ರಶ್ನೆ ನಮ್ಮ ಮನೆಯಂಗಳದ್ದೂ ಹೌದು. ಯಕ್ಷಗಾನದಲ್ಲಿ, ನೃತ್ಯರೂಪಕಗಳಲ್ಲಿ, ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಕೊರವಂಜಿಯನ್ನು ನಾವು ಎಷ್ಟು ಸಲ ಕಂಡಿಲ್ಲ! ಬುಟ್ಟಿ ಹಿಡಿದು, ಕಣಿ ಹೇಳಿ, ಚಪ್ಪಾಳೆ ಗಿಟ್ಟಿಸುವ ವೇಷ ಅದು. ಅದೇ ಕಾಲದಲ್ಲಿ ಕೊರವ ಸಮುದಾಯದ ಜನ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ನೆರಳಿಗೆ ಬಂದರು. 1911ರಲ್ಲಿ ಆ ಕಾಯ್ದೆಯ ವ್ಯಾಪ್ತಿ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿದ ಮೇಲೆ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿ, ಠಾಣೆಗೆ ಹೋಗಿ ಹಾಜರಿ ಹಾಕುವ ಸ್ಥಿತಿ ಅವರದಾಯಿತು. ಆ ಹಣೆಪಟ್ಟಿ ಕಾನೂನಿನಿಂದ ಹೋದದ್ದು 1952ರಲ್ಲಿ. ರಂಗದ ಮೇಲೆ ಮುದ್ದಿನ ಕೊರವಂಜಿ, ಕಡತದಲ್ಲಿ ಅಪರಾಧಿ. ಎರಡೂ ವೇಷಗಳನ್ನು ಬೇರೆಯವರು ಕಟ್ಟಿದ್ದರು. ಪುಷ್ಪಮಾಲಾ ಮತ್ತು ಕ್ಲೇರ್ ಆರ್ನಿ ಅವರ ಹತ್ತು ಮಾದರಿಗಳಲ್ಲಿ ದೇವಿಯ ಪಕ್ಕದಲ್ಲೇ 'ಅಪರಾಧಿಗಳು' ಇರುವುದು ಏಕೆ ಎಂಬುದಕ್ಕೆ ಈ ಚರಿತ್ರೆಯೂ ಒಂದು ಉತ್ತರ.

ತೋಡರ ಬಗ್ಗೆ ಇನ್ನೊಂದು ಮಾತು. ಅವರು ಬರೀ ಫೋಟೋ ತೆಗೆಸಿಕೊಂಡವರಲ್ಲ, ಹಾಡು ಕಟ್ಟುವವರು. ಕನ್ನಡದ ದಾಯಾದಿ ನುಡಿಯಾದ ತೋಡ ಭಾಷೆಯನ್ನು 1930ರ ದಶಕದಿಂದ ಅಧ್ಯಯನ ಮಾಡಿದ ಎಂ.ಬಿ. ಎಮೆನೋ ಆ ಹಾಡುಗಳನ್ನು ಸಂಗ್ರಹಿಸಿ 1971ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ದ್ರಾವಿಡ ನಿಘಂಟಿನ ಮೂಲಕ ಕನ್ನಡದ ಭಾಷಾ ವಿದ್ಯಾರ್ಥಿಗಳಿಗೆ ಪರಿಚಿತರಾದ ಎಮೆನೋ ಇವರೇ. ಹುಟ್ಟು, ಸಾವು, ಎಮ್ಮೆ, ಮದುವೆ, ಊರಿಗೆ ಬಂದ ಅಪರಿಚಿತ, ಹೀಗೆ ಬದುಕಿನ ಯಾವ ಸಂಗತಿಯ ಮೇಲಾದರೂ ತೋಡರು ಹಾಡು ಕಟ್ಟುತ್ತಾರೆ. ಅಂದರೆ ಚೌಕುಳಿಯ ಮುಂದೆ ನಿಂತವರಿಗೆ ತಮ್ಮ ಬದುಕಿನ ಬಗ್ಗೆ ಹೇಳುವ ಕಲೆ ಗೊತ್ತಿತ್ತು. ಕ್ಯಾಮೆರಾಕ್ಕೆ ಅದನ್ನು ಕೇಳಿಸಿಕೊಳ್ಳುವ ಆಸಕ್ತಿ ಇರಲಿಲ್ಲ.

ಹಾಗಾಗಿ ಈ ಸರಣಿ ತೋಡ ಹೆಂಗಸಿನ ದನಿಯನ್ನು ಮರಳಿ ಕೊಡುತ್ತದೆ ಎಂದು ನಾನು ಹೇಳಲಾರೆ. ಅದು ಕೊಡುವುದಿಲ್ಲ, ಕೊಡುತ್ತೇನೆಂದು ಹೇಳಿಕೊಳ್ಳುವುದೂ ಇಲ್ಲ. ಅವಳ ಜಾಗದಲ್ಲಿ ನಿಂತಿರುವುದು ಪುಷ್ಪಮಾಲಾ ಎಂದು ನಮಗೆ ಪ್ರತಿ ಚಿತ್ರದಲ್ಲೂ ಗೊತ್ತಾಗುತ್ತದೆ. ಅದೇ ಮುಖ ಲಕ್ಷ್ಮಿಯಾಗಿ, ಯೋಗಿನಿಯಾಗಿ, ಮೇರಿ ಮಾತೆಯಾಗಿ ಬಂದದ್ದನ್ನು ಈಗಷ್ಟೇ ನೋಡಿರುತ್ತೇವೆ. ಅಲ್ಲಿ ನಿಜವಾಗಿ ಇರಬೇಕಾದವಳು ಇಲ್ಲ ಎಂಬ ಅರಿವು ಹುಟ್ಟುವುದು ಈ ಪರಿಚಿತ ಮುಖದಿಂದಲೇ. ಥರ್ಸ್ಟನ್ನನ ಸಂಪುಟದಲ್ಲಿ ಅವಳು ಇದ್ದಾಳೆ ಅನ್ನಿಸುತ್ತದೆ, ಅಲ್ಲಿಯೂ ಅವಳು ಇಲ್ಲ.

ಇಬ್ಬರು ಕಲಾವಿದೆಯರ ನಾಲ್ಕು ವರ್ಷಗಳ ಮಾತುಕತೆಯಿಂದ ಸಂಶೋಧನೆಯ ಹಾದಿಯಲ್ಲಿರುವ ನಮ್ಮಂಥವರು ಕಲಿಯಬಹುದಾದದ್ದು ಇದು. ಅವರು ತಮ್ಮ ಚರ್ಮದ ಬಣ್ಣ, ತಮ್ಮ ಹುಟ್ಟು, ಯಾರು ಕ್ಯಾಮೆರಾದ ಯಾವ ಕಡೆ ಇದ್ದರು ಎಂಬುದನ್ನು ಮುಚ್ಚಿಡಲಿಲ್ಲ. ಪರದೆಯ ಅಂಚನ್ನು ಕತ್ತರಿಸಿ ಎಸೆಯಲಿಲ್ಲ. ನಾವು ಪ್ರಬಂಧ ಬರೆಯುವಾಗ ಕ್ಷೇತ್ರಕಾರ್ಯದಲ್ಲಿ ಮಾತಾಡಿಸಿದವರನ್ನು 'ಮಾಹಿತಿದಾರರು' ಎಂದು ಕರೆದು ಮುಂದೆ ಸಾಗುತ್ತೇವೆ. ದಾರಿ ತೋರಿಸಿದವರು, ಭಾಷೆ ತಿಳಿಸಿದವರು, ಚಹಾ ಕೊಟ್ಟು ಕೂರಿಸಿದವರು ಕೃತಜ್ಞತೆಯ ಪುಟ ದಾಟಿ ಒಳಗೆ ಬರುವುದಿಲ್ಲ. ಅಲ್ಲಿ ನಡೆದ ಮಾತಿನಲ್ಲಿ ನಮ್ಮ ಪ್ರಶ್ನೆ ಏನಿತ್ತು, ಅವರು ಯಾವುದಕ್ಕೆ ಉತ್ತರಿಸಲು ಒಪ್ಪಲಿಲ್ಲ ಎಂಬುದೂ ಬರುವುದಿಲ್ಲ.

ಮುಂದಿನ ಸಲ ಗ್ರಂಥಾಲಯದಲ್ಲಿ ಜಾತಿ, ಬುಡಕಟ್ಟುಗಳ ಆ ದಪ್ಪ ಸಂಪುಟ ಕೈಗೆ ಬಂದರೆ, ಚಿತ್ರದ ಕೆಳಗಿನ ಬರಹ ಓದುವ ಮೊದಲು ಅದರ ಅಂಚುಗಳನ್ನು ನೋಡಿ. ಎಲ್ಲಾದರೂ ಒಂದು ಬೆರಳು, ಒಂದು ನೆರಳು, ಪರದೆ ಹಿಡಿದ ಒಂದು ಕೈ ಉಳಿದುಕೊಂಡಿರಬಹುದು. ಅಲ್ಲಿಂದ ಓದಲು ಶುರುಮಾಡಬಹುದು.